ಕೆಂಡವಿಡುವ ಕೋಣೆಗೆ ಬೆಳಕಿಂಡಿ ಎಲ್ಲಿದೆ?

ಮಾನ್ಯ ಸಂಪಾದಕರೇ,

ಕಾರ್ತಿಕ ಮಾಸ ಕಳೆಯುತ್ತ ಬಂದಂತೆ ಬೀದರ್‌ನ ಮನೆಗಳಲ್ಲಿ ಚಳಿಗಾಲದ ಸಿದ್ಧತೆ ತಾನಾಗಿಯೇ ಆರಂಭವಾಗುತ್ತದೆ. ಟ್ರಂಕಿನಲ್ಲಿದ್ದ ಸ್ವೆಟರುಗಳು ಹೊರಬರುತ್ತವೆ, ಒಗೆದ ಕೌದಿಗಳು ಎರಡು ದಿನ ಮಾಳಿಗೆಯ ಮೇಲೆ ಬಿಸಿಲು ಕಾಯುತ್ತವೆ, ತಣ್ಣನೆಯ ಶಹಾಬಾದ್ ಕಲ್ಲಿನ ನೆಲಕ್ಕೆ ಜಮಖಾನೆ ಬೀಳುತ್ತದೆ, ಗಿರಣಿಯಲ್ಲಿ ಜೋಳದ ಜೊತೆಗೆ ಸಜ್ಜೆಯ ಡಬ್ಬಿಗಳೂ ಸಾಲುಗಟ್ಟುತ್ತವೆ. ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿಗಳ ರುಚಿ ನೋಡದ ಮನೆ ಈ ಭಾಗದಲ್ಲಿ ಅಪರೂಪ. ಇವನ್ನೆಲ್ಲ ನಮ್ಮ ಹೆಣ್ಣುಮಕ್ಕಳು ಯಾರ ಉಪದೇಶವೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ. ಆದರೆ ಇದೇ ಸಿದ್ಧತೆಯ ಇನ್ನೊಂದು ಭಾಗ, ಅಂದರೆ ಕೋಣೆಯ ಕಿಟಕಿ ಮುಚ್ಚಿ ಒಳಗೆ ಕೆಂಡವಿಡುವ ರೂಢಿ, ನನ್ನನ್ನು ಈ ಪತ್ರ ಬರೆಯುವಂತೆ ಮಾಡಿದೆ.

ಕಳೆದ ಚಳಿಗಾಲದಲ್ಲಿ ನನ್ನ ತಂಗಿಯ ಮನೆಯಲ್ಲಿ ಬಾಣಂತನ ನಡೆದಿತ್ತು. ಹಿರಿಯರ ಪದ್ಧತಿಯಂತೆ ಬಾಣಂತಿಯ ಹೊರಸಿನ ಕೆಳಗೆ ಇಜ್ಜಲಿನ ಅಗ್ಗಿಷ್ಟಿಕೆ ಇಟ್ಟಿದ್ದರು. ತಾಯಿ, ಮಗುವಿಗೆ ಗಾಳಿ ಸೋಕಬಾರದೆಂದು ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿ, ಬಾಗಿಲಿನ ಅಡಿಗೂ ಗೋಣಿಚೀಲ ಒತ್ತಿದ್ದರು. ಬೆಳಗಿನ ಜಾವ ಬಾಣಂತಿಗೆ ತಲೆಸಿಡಿತ ಮತ್ತು ವಾಂತಿ ಶುರುವಾಯಿತು. ಕೆಲವರು ನಿಶ್ಶಕ್ತಿ ಎಂದರು, ಒಬ್ಬರು ದೃಷ್ಟಿ ತಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಪಕ್ಕದ ಮನೆಯಲ್ಲಿದ್ದ ನರ್ಸ್ ಒಬ್ಬರು ಬಂದು, ಮಾತಿಗಿಂತ ಮೊದಲು ಬಾಗಿಲು, ಕಿಟಕಿ ತೆರೆದು ತಾಯಿ, ಮಗುವನ್ನು ಪಡಸಾಲೆಗೆ ಕರೆತಂದದ್ದರಿಂದ ಇಬ್ಬರೂ ಉಳಿದರು. ಅಂದು ಆಸ್ಪತ್ರೆಯ ವರಾಂಡದಲ್ಲಿ ಕುಳಿತಾಗ ನನ್ನ ತಂಗಿ ಕೇಳಿದ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ: "ಅಣ್ಣಾ, ನಮ್ಮವ್ವ ನಮಗೆಲ್ಲ ಹಿಂಗೇ ಮಾಡಿದ್ದಳಲ್ಲ, ಆಗ ಏನೂ ಆಗಲಿಲ್ಲ, ಈಗ್ಯಾಕ ಆಯ್ತು?"

ಉತ್ತರ ನಮ್ಮ ಅವ್ವನ ಮನೆಯ ಮಾಳಿಗೆಯಲ್ಲಿತ್ತು. ಆ ಮಣ್ಣಿನ ಮಾಳಿಗೆಗೆ ನಡುವೆ ಒಂದು ಬೆಳಕಿಂಡಿ ಇತ್ತು. ಅದು ಬೆಳಕು ಕೊಡುತ್ತಿದ್ದಂತೆಯೇ ಒಲೆಯ ಹೊಗೆಯನ್ನೂ ಬಿಸಿ ಗಾಳಿಯನ್ನೂ ಮೇಲಕ್ಕೆ ಬಿಡುತ್ತಿತ್ತು. ಹಲಗೆಯ ಬಾಗಿಲುಗಳ ಸಂದಿಯಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು. ನಾವು ಆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದೆವು, ಸರಿಯುವ ಗಾಜಿನ ಕಿಟಕಿ ಹಾಕಿಸಿದೆವು, ದೂಳು ಬರಬಾರದೆಂದು ಸಂದಿಗಳನ್ನೆಲ್ಲ ಮುಚ್ಚಿಸಿದೆವು. ಮನೆ ಬದಲಾದರೂ ಅಗ್ಗಿಷ್ಟಿಕೆ ಮಾತ್ರ ಹಾಗೆಯೇ ಒಳಗೆ ಬಂತು. ಹಿರಿಯರದು ಅಜ್ಞಾನವೆಂದು ಜರೆಯುವವರಿಗೆ ನಾನು ಹೇಳುವುದಿಷ್ಟೇ: ಅವರ ಪದ್ಧತಿ ಅವರ ಮನೆಗೆ ಸರಿಯಾಗಿಯೇ ಇತ್ತು.

ಇಜ್ಜಲು ನಿಗಿನಿಗಿ ಕೆಂಡವಾದ ಮೇಲೆ ಹೊಗೆ ಕಾಣುವುದಿಲ್ಲ. ಹೊಗೆ ಹೋಯಿತು, ಇನ್ನು ಒಳಗೆ ತರಬಹುದು ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಸಾಕಷ್ಟು ಗಾಳಿಯಿಲ್ಲದೆ ಉರಿಯುವ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ದೇಹಕ್ಕೆ ಆಮ್ಲಜನಕ ತಲುಪುವುದೇ ಕಡಿಮೆಯಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಮಲಗಿದವರಿಗೆ ಈ ಲಕ್ಷಣಗಳು ಗೊತ್ತಾಗುವುದಕ್ಕೆ ಮೊದಲೇ ಪ್ರಜ್ಞೆ ತಪ್ಪುವುದುಂಟು. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಹಳ್ಳಿಗಳಲ್ಲಿ ಹೇರಳವಾಗಿ ಸಿಗುವ ತೊಗರಿ ಕಟ್ಟಿಗೆಯ ಕೆಂಡಕ್ಕೂ ಇದೇ ಮಾತು ಅನ್ವಯಿಸುತ್ತದೆ. ರಾತ್ರಿ ಪಾಳಿಯ ಕಾವಲುಗಾರರು ಬುಟ್ಟಿಯಷ್ಟು ಜಾಗದ ಕ್ಯಾಬಿನ್‌ನಲ್ಲಿ ಬಾಗಿಲು ಹಾಕಿಕೊಂಡು ಬಾಣಲೆಯಲ್ಲಿ ಬೆಂಕಿ ಕಾಯಿಸುವುದನ್ನು ಕಂಡಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ.

ಪಟ್ಟಣದ ಹೊಸ ಮನೆಗಳಲ್ಲಿ ಅಗ್ಗಿಷ್ಟಿಕೆಯ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಕಿಟಕಿಯಿಲ್ಲದ ಬಚ್ಚಲುಮನೆಯೊಳಗೆ ಅದನ್ನು ಕೂರಿಸಿ, ಚಳಿಗೆ ಬಾಗಿಲು ಹಾಕಿಕೊಂಡು ಸ್ನಾನ ಮಾಡುವುದೂ ಅಷ್ಟೇ ಅಪಾಯ. ಗೀಸರ್ ಬಚ್ಚಲುಮನೆಯ ಹೊರಗೆ, ಗಾಳಿಯಾಡುವಲ್ಲಿ ಇದ್ದು, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಬೇಕು. ಅದಾಗದಿದ್ದರೆ ಬಕೆಟ್ಟು ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಹೋಗುವಷ್ಟು ಹೊತ್ತು ಬಾಗಿಲು ತೆರೆದಿಟ್ಟು, ಆಮೇಲೆ ಸ್ನಾನಕ್ಕೆ ಇಳಿಯಬೇಕು. ನೀರು ಕಾಯಿಸುವ ರಾಡ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಕೈಯಿಡಬೇಕೆಂಬುದು ಎಲ್ಲರಿಗೂ ಗೊತ್ತು; ಮನೆಯಲ್ಲಿ ಅವಸರದ ಶಾಲಾ ಮಕ್ಕಳಿದ್ದರೆ ಮತ್ತೊಮ್ಮೆ ಹೇಳುವುದು ಒಳ್ಳೆಯದು.

ಬೀದರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವುದರಿಂದ ಇಲ್ಲಿ ಒಂದಂಕಿಯ ಉಷ್ಣಾಂಶ ಹೊಸತಲ್ಲ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದಾಗ ಹವಾಮಾನ ಇಲಾಖೆ ಶೀತಗಾಳಿಯ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆ ನಮ್ಮ ಓಣಿಗೆ ತಲುಪುವಾಗ "ಬೆಚ್ಚಗಿರಿ" ಎಂಬ ಒಂದೇ ಮಾತಾಗಿರುತ್ತದೆ. ಬೆಚ್ಚಗಿರಲು ಹೋಗಿಯೇ ಜನ ಕಿಟಕಿ ಮುಚ್ಚುತ್ತಾರೆ. ಆದ್ದರಿಂದ ಜಿಲ್ಲಾಡಳಿತ ಮತ್ತು ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು: ಆಶಾ ಕಾರ್ಯಕರ್ತೆಯರು ಬಾಣಂತಿಯರ ಮನೆಗೆ ಹೋದಾಗ ಹೊರಸಿನ ಕೆಳಗೂ ಕಿಟಕಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ, ಪ್ರತಿ ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ವಾಹನಗಳಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ, ಮುಚ್ಚಿದ ಕೋಣೆಯಲ್ಲಿ ಕೆಂಡವಿಡಬೇಡಿ, ಮಲಗುವ ಮುನ್ನ ಅಗ್ಗಿಷ್ಟಿಕೆ ಹೊರಗಿಡಿ ಎಂಬ ಮಾತನ್ನು ಕನ್ನಡ, ಉರ್ದು ಮತ್ತು ಮರಾಠಿಯಲ್ಲಿ ಸೇರಿಸಲಿ. ಹಾಡು ಒಂದು ನಿಮಿಷ ಕಡಿಮೆಯಾದರೆ ನಮ್ಮ ಓಣಿಯಲ್ಲಿ ಯಾರೂ ತಕರಾರು ಮಾಡುವುದಿಲ್ಲ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ಬೀದರ್