ಪಿನ್‌ಕೋಡ್ ಅವಿಭಾಜ್ಯವೇ? ಎರಡೇ ಲೆಕ್ಕ ಸಾಕು

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಭಾಗದ ಹುಡುಗ ಹುಡುಗಿಯರು ಮತ್ತೆ ಮತ್ತೆ ಮಾಡುವ ತಪ್ಪೊಂದಿದೆ. ದೊಡ್ಡ ಸಂಖ್ಯೆಯೊಂದು 1ರಲ್ಲಿ ಮುಗಿದು, 3ರಿಂದಲೂ ಭಾಗವಾಗದಿದ್ದರೆ ಸಾಕು, ಅವಿಭಾಜ್ಯ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಬಳ್ಳಾರಿಯ 583101, ರಾಯಚೂರಿನ 584101, ಕೊಪ್ಪಳದ 583231 ಮೂರೂ ಪಿನ್‌ಕೋಡ್‌ಗಳು 1ರಲ್ಲೇ ಮುಗಿಯುತ್ತವೆ, ಆದರೆ ಒಂದೂ ಅವಿಭಾಜ್ಯವಲ್ಲ.

ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗೆ ತುಂಡು ಮಾಡಿ, ಒಂದರಿಂದ ಇನ್ನೊಂದನ್ನು ಕಳೆಯಬೇಕು. ರಾಯಚೂರಿನದು 584 ಮತ್ತು 101, ವ್ಯತ್ಯಾಸ 483. ಅದು 7×69. ಹಾಗಾಗಿ ಇಡೀ ಸಂಖ್ಯೆಯೂ 7ರಿಂದ ಭಾಗವಾಗುತ್ತದೆ. ಕಾರಣ ಸರಳ: 1001 ಎಂದರೆ 7×11×13. 584 ಸಾವಿರದಲ್ಲಿ 584 ಸಲ 1001 ತೆಗೆದರೆ ಉಳಿಯುವ ಲೆಕ್ಕ 101ರಿಂದ 584 ಕಳೆಯುವುದಷ್ಟೇ. ಋಣ ಚಿಹ್ನೆ ಬಂದರೆ ಬಿಟ್ಟುಬಿಡಿ, ಭಾಗವಾಗುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಹೀಗೆ ಒಂದೇ ವ್ಯವಕಲನದಲ್ಲಿ 7, 11, 13 ಮೂರರ ಪರೀಕ್ಷೆಯೂ ಮುಗಿಯುತ್ತದೆ. ಕೊಪ್ಪಳದ್ದು 583−231=352, ಅಂದರೆ 11×32. ಬಳ್ಳಾರಿಯ 482 ಮಾತ್ರ ಮೂರಕ್ಕೂ ಒಗ್ಗುವುದಿಲ್ಲ.

ಈಗ ಅದೇ ತುಂಡುಗಳನ್ನು ಕೂಡಿಸಿ. 999 ಎಂದರೆ 27×37, ಆದ್ದರಿಂದ ಮೊತ್ತ 3, 9, 27, 37ರ ಗುಟ್ಟು ಹೇಳುತ್ತದೆ. ಕೊಪ್ಪಳ: 583+231=814=37×22. ಬಳ್ಳಾರಿ: 684=9×76. ಎಷ್ಟೋ ಜನ 37ರ ಪರೀಕ್ಷೆಗೆ ಇಷ್ಟು ಸುಲಭದ ದಾರಿ ಇದೆಯೆಂದೇ ತಿಳಿದಿರುವುದಿಲ್ಲ.

ಎಡವುವುದು ಅಲ್ಪವಿರಾಮದಲ್ಲಿ. ನಾವು 5,84,101 ಎಂದು ಲಕ್ಷದ ರೀತಿಯಲ್ಲಿ ಬರೆಯುತ್ತೇವೆ. ಆ ಗುರುತು ನೋಡಿಕೊಂಡೇ 5, 84, 101 ಎಂದು ತುಂಡು ಮಾಡಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಹತ್ತಂಕಿಯ ಸಂಖ್ಯೆಯಾದರೆ 7, 11, 13ರ ಪರೀಕ್ಷೆಗೆ ಬಲಗಡೆಯಿಂದ ಒಂದು ತುಂಡು ಕೂಡಿಸಿ, ಮುಂದಿನದು ಕಳೆದು, ಮತ್ತೆ ಕೂಡಿಸುತ್ತಾ ಹೋಗಬೇಕು.

ಉಳಿದದ್ದಕ್ಕೆ ಸಹನೆ ಬೇಕು. ಬಳ್ಳಾರಿಯ ಸಂಖ್ಯೆಯನ್ನು 9ರಿಂದ ಭಾಗಿಸಿದರೆ 64789. ಅದನ್ನು 17ರಿಂದ ಮೇಲಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋದರೆ 67ರಲ್ಲಿ ಸಿಕ್ಕಿಬೀಳುತ್ತದೆ: 67×967. ಇಲ್ಲಿ 967 ಅನ್ನು ಮತ್ತೆ ಪರೀಕ್ಷಿಸಬೇಕಿಲ್ಲ. 67ಕ್ಕಿಂತ ಚಿಕ್ಕ ಅವಿಭಾಜ್ಯಗಳೆಲ್ಲ ಆಗಲೇ ವಿಫಲವಾಗಿವೆ, 967ರ ವರ್ಗಮೂಲವೋ 32ಕ್ಕಿಂತ ಕಡಿಮೆ; ಸಂಖ್ಯೆ ಒಡೆಯುವುದಾದರೆ ಒಂದು ಅಪವರ್ತನವಾದರೂ ವರ್ಗಮೂಲದೊಳಗೇ ಇರಬೇಕು. ಹೀಗೆ 583101=3×3×67×967. ಕೊಪ್ಪಳದ್ದು 11×37×1433.

ರಾಯಚೂರು ಹೆಚ್ಚು ಕಾಡುತ್ತದೆ. 7 ತೆಗೆದರೆ ಉಳಿಯುವುದು 83443. 289ರ ವರ್ಗ 83521, ಅಂದರೆ 283ರವರೆಗಿನ 61 ಅವಿಭಾಜ್ಯಗಳನ್ನು ನೋಡಿದರೆ ಸಾಕು. ಒಂದೂ ಭಾಗಿಸುವುದಿಲ್ಲ, 181ರಲ್ಲಿ ಶೇಷ 2, 149ರಲ್ಲಿ 3. ಇಷ್ಟು ಹತ್ತಿರ ಬಂದಾಗಲೇ ಅವಸರದವರು "ಭಾಗವಾಯಿತು" ಎಂದು ಬರೆದುಬಿಡುವುದು. ಭಾಗಲಬ್ಧವನ್ನು ಗುಣಿಸಿ ತಾಳೆ ನೋಡಲೇಬೇಕು. 83443 ಅವಿಭಾಜ್ಯ.

ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ವಾರಕ್ಕೊಂದು ಊರಿನ ಪಿನ್‌ಕೋಡ್ ಕೊಟ್ಟು ಅಪವರ್ತಿಸಲು ಹೇಳಬೇಕೆಂದು ವಿನಂತಿ. ಮುಂದಿನ ವಾರದ ಉತ್ತರದಲ್ಲಿ ಬರೀ ಅಪವರ್ತನಗಳನ್ನಲ್ಲ, ಹಂತಗಳನ್ನೂ ಅಚ್ಚು ಹಾಕಿ.

ಇಂತಿ,
ಗಣಿತ ಅಧ್ಯಾಪಕರು, ರಾಯಚೂರು