ಗೋರಿಗೆ ಮೊದಲು ಸರ್ವೆ ನಂಬರು

ಹಾಸನ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದ.

ಕಾಗದ ತಲುಪಿತು. ನಿಮ್ಮ ಮಾವನವರ ತಾತನನ್ನು ಎಲ್ಲಿ ಮಣ್ಣು ಮಾಡಿದರು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಉಳಿದಿರುವುದು ಮೂರೇ ಮಾತು ಎಂದು ಬರೆದಿದ್ದೀಯ: ಕಾಳಯುಕ್ತಿ ಸಂವತ್ಸರ, ಆಶ್ವೀಜ ಬಹುಳ, ಹೊಳೆದಂಡೆಯ ನಮ್ಮದೇ ಹೊಲ. ಮೂರೇ ಎಂದು ಕೊರಗಬೇಡ ಕಣಮ್ಮ. ಕಾಲದ ಗುರುತೂ ಇದೆ, ಜಮೀನಿನ ಗುರುತೂ ಇದೆ. ಎಷ್ಟೋ ಮನೆಗಳಲ್ಲಿ ಎರಡೂ ಇರುವುದಿಲ್ಲ.

ಮೊದಲು ಕಾಲ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಳಯುಕ್ತಿ ಬಿದ್ದದ್ದು 1858–59, 1918–19, 1978–79ರಲ್ಲಿ. 1978ರಲ್ಲಿ ನಿಮ್ಮ ಮಾವನವರೇ ಚಟ್ಟಕ್ಕೆ ಹೆಗಲು ಕೊಡುವ ವಯಸ್ಸಿನವರು, ಮರೆಯುವ ಮಾತೇ ಇಲ್ಲ. 1858 ತೀರಾ ಹಿಂದಾಯಿತು. ಉಳಿದದ್ದು 1918. ಆ ವರ್ಷ ಆಶ್ವೀಜ ಬಹುಳ ಬಂದದ್ದು ಅಕ್ಟೋಬರ್ ಕೊನೆಗೆ, ಇನ್‌ಫ್ಲುಯೆಂಜಾ ದೇಶದ ತುಂಬ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ದಿನಗಳವು. ಅದೇ ಕಾಯಿಲೆಯಿಂದ ಹೋದರು ಎಂದು ಬರೆದಿಟ್ಟುಕೊಳ್ಳಬೇಡ, ಸಾಕ್ಷಿ ಇಲ್ಲ. ಆದರೆ ಪಿತೃಪಕ್ಷದಲ್ಲಿ ಎಡೆ ಇಡುವಾಗ ಅದೇ ವರ್ಷ ಹೋದ ಇನ್ನೊಬ್ಬರ ಹೆಸರೂ ಬರುತ್ತದೆಯೇ ಎಂದು ಕೇಳು. ಒಂದೇ ಮನೆಯಲ್ಲಿ ಬೆನ್ನುಬೆನ್ನಿಗೆ ಸಾವಾದಾಗ ಅವಸರದಲ್ಲಿ ಹೂಳುತ್ತಾರೆ. ಕಲ್ಲು ನಿಲ್ಲಿಸುವುದು ‘ಆಮೇಲೆ’ ಎಂದಾಗಿ ಆ ಆಮೇಲೆ ಬರುವುದೇ ಇಲ್ಲ. ಸುಡುವ ಪದ್ಧತಿಯ ಮನೆಯವರೂ ಅಂಥ ಹೊತ್ತಿನಲ್ಲಿ ಹೂಳಿರಬಹುದು.

ಮರಣದ ರಿಜಿಸ್ಟರ್ ಹಿಂದೆ ಹೆಚ್ಚು ಅಲೆಯಬೇಡ. ಜನನ ಮರಣ ನೋಂದಣಿ ಕಾಯ್ದೆ 1969ರದು, ನಮ್ಮಲ್ಲಿ ಜಾರಿಗೆ ಬಂದದ್ದು 1970ರಲ್ಲಿ. ಅದಕ್ಕೂ ಹಿಂದೆ ಪಟೇಲರು ಶಾನುಭೋಗರು ಬರೆದಿಟ್ಟ ಪುಸ್ತಕಗಳಲ್ಲಿ ಉಳಿದು ಬಂದವು ಕಡಿಮೆ. ತಾಲ್ಲೂಕು ಕಚೇರಿಗೆ ಒಂದೇ ಒಂದು ಅರ್ಜಿ ಹಾಕು, ಸಿಕ್ಕರೆ ಪುಣ್ಯ. ಸಿಕ್ಕರೂ ಅದರಲ್ಲಿರುವುದು ಸತ್ತ ಊರು, ಹೂತ ಜಾಗವಲ್ಲ. ಈ ಎರಡನ್ನು ಒಂದೇ ಎಂದುಕೊಂಡು ತಪ್ಪು ಊರಿನಲ್ಲಿ ವರ್ಷಗಟ್ಟಲೆ ಹುಡುಕಿದವರಿದ್ದಾರೆ.

ನಿನಗೆ ಬೇಕಾದದ್ದು ಸರ್ವೆ ನಂಬರು. ಗೋರಿ ಕಾಗದದಲ್ಲಿ ಇರುವುದಿಲ್ಲ, ಹೊಲ ಇರುತ್ತದೆ.

ಈಗಿನ ಪಹಣಿಯಿಂದ ಹಿಂದಕ್ಕೆ ಹೋಗು: ಕಂಪ್ಯೂಟರ್ ಪಹಣಿ, ಕೈಬರಹದ ಪಹಣಿ, ಅದರ ಹಿಂದೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಎಂಬ ಹಳೆಯ ಜಮೀನು ಪಟ್ಟಿ. ಪ್ರತಿ ಮೆಟ್ಟಿಲಿನಲ್ಲೂ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರು ಬರೆದುಕೋ, ಒಂದು ಹೆಸರು ಹೋಗಿ ಇನ್ನೊಂದು ಯಾಕೆ ಬಂತು ಎನ್ನುವುದು ಅದರಲ್ಲಿರುತ್ತದೆ. ‘ಪೌತಿ’ ಎಂದಿದ್ದರೆ ಖಾತೆದಾರ ಸತ್ತು ವಾರಸುದಾರರಿಗೆ ಬಂದದ್ದು. ಪೌತಿ ಖಾತೆಯ ತಾರೀಖನ್ನು ಸತ್ತ ತಾರೀಖು ಎಂದು ತಿಳಿಯಬೇಡ. ಅಣ್ಣತಮ್ಮಂದಿರಿಗೆ ಪಾಲಾಗುವ ತನಕ ಇಪ್ಪತ್ತು ಮೂವತ್ತು ವರ್ಷ ಹಾಗೇ ಬಿಡುವುದು ವಾಡಿಕೆ. ಹೆಸರಿನ ಮುಂದಿನ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಬರೀ ಹೆಸರು ನಂಬಿದರೆ ಎರಡು ತಲೆಮಾರು ಜಾರಿಹೋಗುತ್ತೀಯ. ಹಳೆಯ ಕಡತದ ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಕಣ್ಣಿಗೆ ಮೋಸ ಮಾಡುತ್ತವೆ. ಅನುಮಾನ ಬಂದರೆ ವಿಸ್ತೀರ್ಣವನ್ನು ಆಕಾರ್‌ಬಂದ್ ಜೊತೆ, ಅಂದರೆ ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದ ಸರ್ವೆ ಇಲಾಖೆಯ ಪುಸ್ತಕದ ಜೊತೆ, ತಾಳೆ ನೋಡು.

ಈ ದಾಖಲೆಗಳ ಸರಪಳಿ ಸಾಮಾನ್ಯವಾಗಿ ಎರಡು ಕಡೆ ತುಂಡಾಗುತ್ತದೆ. ಒಂದು ಪಾಲಾದಾಗ, ಆಗ ಪಾಲುಪಾರಿಕತ್ತು (ಪಾಲಿನ ಪತ್ರ) ಯಾರ ಪೆಟ್ಟಿಗೆಯಲ್ಲಿದೆ ಎಂದು ದಾಯಾದಿಗಳನ್ನು ಕೇಳಬೇಕು. ಇನ್ನೊಂದು ಭೂಸುಧಾರಣೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರದ್ದಾಗಿ, ಫಾರಂ 7 ಎಂಬ ಅರ್ಜಿ ಹಾಕಿದ ಗೇಣಿದಾರರಿಗೆ ಹೋಯಿತು. ‘ನಮ್ಮದೇ ಹೊಲ’ ಎನ್ನುವುದು 1918ಕ್ಕೆ ನಿಜ, ಇವತ್ತಿಗೆ ನಿಜವಾಗಬೇಕಿಲ್ಲ. ಮಾರಿದ್ದರೆ ಹಳೆಯ ಕ್ರಯಪತ್ರದ ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿಯ ವಿವರ) ಸಾಲುಸಾಲಾಗಿ ಓದು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಗದ್ದೆ ಎನ್ನುವ ನಡುವೆ ‘ಹಿರಿಯರ ಸಮಾಧಿ’ ಎಂಬ ಪದ ಕೆಲವೊಮ್ಮೆ ಕಂಡೀತು. ಬ-ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಎಂದು ಬಿಟ್ಟಿರುವ ತುಂಡುಗಳನ್ನೂ ನೋಡಿಕೋ. ಊರೊಟ್ಟಿನ ಸ್ಮಶಾನ, ದಾರಿ, ಹಳ್ಳ ಬರುವುದು ಅದರಲ್ಲಿ.

ಊರಿನ ಹೆಸರಿನಲ್ಲೂ ಎಚ್ಚರ. ಹೊಸಹಳ್ಳಿಗಳಿಗೆ ಲೆಕ್ಕವಿಲ್ಲ, ಹೋಬಳಿ ಸೇರಿಸಿಯೇ ಬರೆ. ಸಕಲೇಶಪುರ ತಾಲ್ಲೂಕು ಹಿಂದಿನ ಕಾಗದದಲ್ಲಿ ಮಂಜರಾಬಾದ್. ಚಿಕ್ಕಮಗಳೂರು ಜಿಲ್ಲೆಗೆ 1947ರ ತನಕ ಕಡೂರು ಜಿಲ್ಲೆ ಎಂದೇ ಹೆಸರು. ನಿಮ್ಮ ಅತ್ತೆಯವರ ಕಡೆಯದನ್ನು ಹುಡುಕುವ ದಿನ ಬಂದರೆ ನೆನಪಿರಲಿ. ಜನವಸತಿ ಇಲ್ಲದೆ ಬರೀ ನಕ್ಷೆಯಲ್ಲಿ ಉಳಿದ ಬೇಚರಾಕ್ ಗ್ರಾಮಗಳೂ ಇವೆ. ಊರು ಇಲ್ಲವಾದರೂ ಸರ್ವೆ ನಂಬರು ಇರುತ್ತದೆ.

ಈಗ ಹೊಳೆಯ ಮಾತು. ನೀನು ಹೇಳುವ ಊರು ಗೊರೂರಿಗಿಂತ ಮೇಲಿನದು. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ, ನೀರು ನಿಂತಾಗ ದಂಡೆಯ ಹೊಲಗಳು ಮೊದಲು ಮುಳುಗಿದವು. ಹಾಗಾಗಿದ್ದರೆ ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಮಿನಲ್ಲಿ ಸರ್ಕಾರದ ಹೆಸರಿರುತ್ತದೆ, ಹಿಂದಿನ ಮಾಲೀಕರು ಭೂಸ್ವಾಧೀನದ ಕಡತದಲ್ಲಿರುತ್ತಾರೆ. ಅಂದಿನ ಭೂಸ್ವಾಧೀನ ಕಾಯ್ದೆಯ 4(1) ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದಿರಲೇಬೇಕು. ಪರಿಹಾರ ಗೊತ್ತುಮಾಡಿದ ಐತೀರ್ಪಿನ ಪ್ರತಿ ಕೇಳುವಾಗ ‘ನಮ್ಮ ಜಮೀನಿನ ವಿವರ’ ಎಂದು ಬರೆಯಬೇಡ. ಗ್ರಾಮ, ಹೋಬಳಿ, ಸರ್ವೆ ನಂಬರು ಹಾಕಿ, ಮರ, ಬಾವಿ, ಕಟ್ಟಡದ ಪಟ್ಟಿ ಸಹಿತ ಎಂದು ಸೇರಿಸು. ಪರಿಹಾರ ಕೊಟ್ಟ ಬಾವಿಯೋ ಹುಣಸೆಮರವೋ ಪಟ್ಟಿಯಲ್ಲಿ ಸಿಕ್ಕರೆ ಮನೆಯ ಹಳಬರ ನೆನಪಿಗೆ ಅದೇ ಗೂಟ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ.

ನೆನಪು ಕೇಳುವುದಕ್ಕೂ ಕ್ರಮವಿದೆ. ‘ಗೋರಿ ಎಲ್ಲಿ’ ಎಂದರೆ ‘ಗೊತ್ತಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಲುತುಪ್ಪ ಬಿಡಲು ಯಾವ ದಾರಿಯಲ್ಲಿ ಹೋಗುತ್ತಿದ್ದರು, ಹಳ್ಳ ದಾಟಬೇಕಿತ್ತೇ, ಮರದ ನೆರಳಿತ್ತೇ, ಹೋಗುವುದು ಯಾವಾಗ ನಿಂತಿತು ಎಂದು ಕೇಳು. ಗಂಡಸರಿಗಿಂತ ಮದುವೆಯಾಗಿ ಹೊರಗೆ ಹೋದ ಹೆಣ್ಣುಮಕ್ಕಳನ್ನು ಮೊದಲು ಕೇಳು, ತವರಿನ ಚಿತ್ರ ಅವರಲ್ಲಿ ಮಾಸಿರುವುದಿಲ್ಲ. ಗುಂಡಿ ತೋಡುತ್ತಿದ್ದ ಮನೆತನದವರನ್ನು ಬಿಡಬೇಡ, ಮುಳುಗಡೆಯಾಗಿ ಬೇರೆಡೆ ನೆಲೆಸಿದ ಅಕ್ಕಪಕ್ಕದ ಹೊಲದವರನ್ನೂ. ಇಬ್ಬರನ್ನು ಒಟ್ಟಿಗೆ ಕೂರಿಸಬೇಡ, ದನಿ ದೊಡ್ಡದಿರುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಊರೂರು ತಿರುಗಿ ಮನೆತನದ ಕಥೆ ಹೇಳುವ ಹೆಳವರು ಬಂದರೆ ವಂಶಾವಳಿ, ಮೂಲದ ಊರು ಹೇಳಿಯಾರು; ಮಣ್ಣಿನ ಜಾಗಕ್ಕೆ ಅವರನ್ನು ನೆಚ್ಚಬೇಡ.

ಸರ್ವೆ ನಂಬರು ಕೈಗೆ ಬಂದ ಮೇಲೆ ಗ್ರಾಮ ನಕ್ಷೆ ಮತ್ತು ಮೂಲ ಟಿಪ್ಪಣಿ (ಸರ್ವೆಯವರ ಹಳೆಯ ಅಳತೆ ದಾಖಲೆ) ತೆಗೆಸು. ಟಿಪ್ಪಣಿಯಲ್ಲಿ ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ: ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ, ಹಾಗಾಗಿ ಒಂದು ಆಣೆ 2 ಅಡಿ ಮುಕ್ಕಾಲು ಇಂಚು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ. ಎರಡು ಎಕರೆ ಹೊಲವಾದರೆ 80 ಗುಂಟೆ. ದಾರಿ, ಹಳ್ಳ, ಮರದ ಮಾತು ಹೊಂದಿಸಿದರೆ ಹುಡುಕಬೇಕಾದದ್ದು ಹತ್ತು ಗುಂಟೆಗೆ ಇಳಿಯುತ್ತದೆ. ಮೊಬೈಲಿನ ದಿಶಾಂಕ್ ಆ್ಯಪ್ ನೀನು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ, ಆದರೆ ಗಡಿಯ ಅಂಚಿನಲ್ಲಿ ಅದನ್ನು ನಂಬಬೇಡ.

ಜಾಗಕ್ಕೆ ಹೋಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಹಳೆ ಚರ್ಚಿನ ಗೋಡೆಗಳೇ ನೀರಿನೊಳಗೆ ನಿಲ್ಲುತ್ತವೆ, ಬೇಸಿಗೆಯಲ್ಲಿ ಬುಡ ಕಾಣುತ್ತದೆ. ಮೊದಲು ಗೂಗಲ್ ಅರ್ಥ್‌ನ ಹಳೆಯ ವರ್ಷಗಳ ಚಿತ್ರಗಳನ್ನು ಸರಿಸಿ ನೋಡು, ಬರದ ವರ್ಷದ ಬೇಸಿಗೆ ಚಿತ್ರದಲ್ಲಿ ಬದುಗಳು ಗೆರೆಗೆರೆಯಾಗಿ ಕಾಣುವುದುಂಟು. ಒಣಗಿ ಬಿರುಕು ಬಿಟ್ಟ ಹೂಳಿನ ಮೇಲೆ ಒಬ್ಬಳೇ ಕಾಲಿಡಬೇಡ. ಮೇಲೆ ಗಟ್ಟಿ, ಕೆಳಗೆ ಕೆಸರು.

ನೀರು ಬರದ ಕಡೆಯಾದರೆ ಬೆಳಗಿನ ಏಳು ಗಂಟೆಯೊಳಗೆ ಹೋಗು. ಓರೆ ಬಿಸಿಲಿನಲ್ಲಿ ನೆಲದ ತಗ್ಗು ಎದ್ದು ಕಾಣುತ್ತದೆ. ತೋಡಿ ಮುಚ್ಚಿದ ಮಣ್ಣು ಕಾಲಕ್ರಮದಲ್ಲಿ ಕುಸಿದು, ಆಳುದ್ದದ ಆಳವಿಲ್ಲದ ತಗ್ಗಾಗುತ್ತದೆ. ಉತ್ತ ಹೊಲದಲ್ಲಿ ಅದೂ ಅಳಿಸಿರುತ್ತದೆ. ಕೆತ್ತನೆಯ ಕಲ್ಲು ಕಂಡ ತಕ್ಷಣ ನಮ್ಮವರದು ಎನ್ನಬೇಡ. ಈ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಬರವಿಲ್ಲ, ಅವು ನೂರಾರು ವರ್ಷ ಹಳೆಯವು.

ಅಗೆಯಬೇಡ, ಹಾರೆಯಿಂದ ಚುಚ್ಚಲೂ ಬೇಡ. ಮಲೆನಾಡಿನಂಚಿನ ಹುಳಿ ಮಣ್ಣಿನಲ್ಲಿ ನೂರು ವರ್ಷಕ್ಕೆ ಮೂಳೆ ಉಳಿಯುವುದೇ ಅನುಮಾನ, ಹಾಗಾಗಿ ಅಗೆದರೂ ಏನೂ ತೀರ್ಮಾನವಾಗದು. ಹೂತ ಜಾಗಕ್ಕೆ ಅತಿಕ್ರಮವಾಗಿ ನುಗ್ಗಿ ಕೆದಕುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿಗೆ ಬರುತ್ತದೆ. ಈಗಿನ ಮಾಲೀಕರ ಬಳಿ ಜಮೀನಿನ ಹಕ್ಕು ಕೇಳಲು ಬಂದಿಲ್ಲ ಎಂದು ಮೊದಲ ಮಾತಿಗೇ ಹೇಳು, ಇಲ್ಲದಿದ್ದರೆ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಮನೆಯ ಪುಸ್ತಕದಲ್ಲಿ ಬರೆಯುವಾಗ ‘ಕಾಗದದಲ್ಲಿದೆ’, ‘ಇಬ್ಬರು ಬೇರೆಬೇರೆಯಾಗಿ ಹೇಳಿದರು’, ‘ಊಹೆ’ ಎಂದು ಮೂರು ಥರ ಗುರುತು ಹಾಕು. ‘ಈ ಸರ್ವೆ ನಂಬರಿನೊಳಗೆ, ಹಳ್ಳದ ಈಚೆ’ ಎಂಬಲ್ಲಿಗೇ ನಿಂತರೆ ಹಾಗೇ ಬರೆ, ಮಾವನವರಿಗೂ ಹಾಗೇ ಹೇಳು.

ಕೈಬರಹದ ಪಹಣಿಯ ನಕಲು ಸಿಕ್ಕಿದ ಕೂಡಲೇ ಎರಡೂ ಬದಿಯ ಫೋಟೋ ಕಳಿಸು, ಅಂಚು ಕತ್ತರಿಸದೆ. ಯುಗಾದಿಗೆ ಮೊದಲು ನಂಬರು ಖಚಿತವಾಗದಿದ್ದರೆ ಈ ಬೇಸಿಗೆ ಬಿಟ್ಟು ಮುಂದಿನದಕ್ಕೇ ಹೋಗಬೇಕಾಗುತ್ತದೆ.

ಇಂತಿ ನಿನ್ನ
ದೊಡ್ಡಪ್ಪ