ಉಪ್ಪಾಗೆ: ಬೀಜದ ಸಸಿ ಬೇಡ, ಕಸಿ ಗಿಡ ಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯುತ್ತಿದ್ದಂತೆ ಮಲೆನಾಡಿನಲ್ಲಿ ಸಸಿ ಹಂಚಿಕೆ ಆರಂಭವಾಗುತ್ತದೆ. ಹಂಚುವ ಸಸಿಗಳಲ್ಲಿ, ಹುಳಿ ಸಿಪ್ಪೆಯ ಹಣ್ಣು ಕೊಡುವ ಕಾಡುಮರ ಉಪ್ಪಾಗೆಗೂ ಜಾಗ ಸಿಕ್ಕಿರುವುದು ಸಂತೋಷದ ವಿಷಯವಾದರೂ, ಕೈಗೆ ಬರುವುದು ಬಹುಮಟ್ಟಿಗೆ ಬೀಜದ ಸಸಿ ಎಂಬುದೇ ನನ್ನ ತಕರಾರು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಗಿಡಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ, ಮತ್ತು ಯಾವುದು ಯಾವುದೆಂದು ಹೂ ಬಿಡುವ ತನಕ, ಅಂದರೆ 10–12 ವರ್ಷ, ತಿಳಿಯುವುದೇ ಇಲ್ಲ. ನಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನಲ್ಲಿ ನೆಟ್ಟು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಉಳಿಸಿಕೊಂಡ 5 ಗಿಡಗಳಲ್ಲಿ 3 ಗಂಡೆಂದು ಗೊತ್ತಾದದ್ದು 11ನೇ ವರ್ಷದಲ್ಲಿ.

ಹೆಣ್ಣು ಮರದ ಕುಡಿಯಿಂದ ಮಾಡಿದ ಕಸಿ ಗಿಡಕ್ಕೆ ಈ ಅನುಮಾನವಿಲ್ಲ. ಮೂರು–ನಾಲ್ಕು ವರ್ಷಕ್ಕೇ ಕಾಯಿ ಕಚ್ಚತೊಡಗುತ್ತದೆ. ಕಸಿ ಕಟ್ಟುವವರು ಒಂದು ಮಾತನ್ನು ಮಾತ್ರ ಮರೆಯಬಾರದು. ಅಡ್ಡ ಕೊಂಬೆಯ ಕುಡಿ ತಂದು ಕಟ್ಟಿದರೆ ಗಿಡ ಪೊದೆಯಂತೆ ಅಡ್ಡಡ್ಡವೇ ಹರಡಿಕೊಳ್ಳುತ್ತದೆ, ನೆಟ್ಟಗೆ ಮೇಲೇರುವ ಚಿಗುರಿನ ಕುಡಿಯಾದರೆ ಮಾತ್ರ ಮರವಾಗಿ ನಿಲ್ಲುತ್ತದೆ. ಕುಡಿಯನ್ನು ಕಟ್ಟುವ ಬೇರಿನ ಗಿಡಕ್ಕಂತೂ ಬೀಜ ಬೇಕೇ ಬೇಕು. ಹಾಗೆಯೇ ಊರಿದರೆ ಮೊಳೆಯಲು ಐದಾರು ತಿಂಗಳು ಹಿಡಿಯುವ ಈ ಬೀಜ, ಮೇಲಿನ ಗಟ್ಟಿ ಸಿಪ್ಪೆಯನ್ನು ಜಾಗ್ರತೆಯಿಂದ ಬಿಡಿಸಿ ಊರಿದರೆ ಬೇಗ ಮೊಳೆಯುತ್ತದೆ.

ಕಸಿಗಾಗಿ ಇಷ್ಟು ಒತ್ತಾಯಿಸಲು ಕಾಡೇ ಕಾರಣ. 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ ಹೊರದೇಶಗಳಲ್ಲಿ ಬೇಡಿಕೆ ಏರಿದಾಗ, ಬೇರೆಯವರು ಕೊಯ್ದುಬಿಟ್ಟಾರೆಂಬ ಆತುರಕ್ಕೆ ಬಲಿಯದ ಕಾಯಿಗಳನ್ನೂ ಕಿತ್ತರು, ಎಷ್ಟೋ ಕಡೆ ಕೊಂಬೆಗಳನ್ನೇ ಕಡಿದರು. ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಈ ಆಮ್ಲದ ಮಾತ್ರೆಯಿಂದ ಹೆಚ್ಚೇನೂ ತೂಕ ಇಳಿಯಲಿಲ್ಲವೆಂದು 1998ರಲ್ಲಿ ಅಮೆರಿಕದ ವೈದ್ಯರ ಪ್ರಯೋಗವೊಂದು ತೋರಿಸಿತಾದರೂ, ಕಡಿದ ಕೊಂಬೆಗಳು ಮತ್ತೆ ಮರಕ್ಕೆ ಅಂಟಲಿಲ್ಲ. ಉತ್ತರ ಕನ್ನಡದ ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೆ ಈ ಹಣ್ಣು ಮುಖ್ಯ ಆಹಾರ. ಕಾಡಿನ ಮರದ ಹಣ್ಣಿನಲ್ಲಿ ಅವುಗಳ ಪಾಲು ಉಳಿಯಬೇಕಾದರೆ ನಮ್ಮ ಪಾಲು ನಮ್ಮ ಬೇಣ (ಹುಲ್ಲುಗಾವಲು), ಬೆಟ್ಟ, ತೋಟದ ಅಂಚುಗಳಲ್ಲಿ ಬೆಳೆಯಬೇಕು.

ಒಣಗಿಸುವುದು ಇನ್ನೊಂದು ಕಷ್ಟ. ಜಡಿಮಳೆಯಲ್ಲೇ ಹಣ್ಣಾಗುವುದರಿಂದ ಬಿಸಿಲನ್ನು ನೆಚ್ಚುವಂತಿಲ್ಲ. ಹಳದಿ ತಿರುಗಿದ ಹಣ್ಣನ್ನು ಅದರ ಗೀರುಗುಂಟ ಸೀಳಿ, ಬೀಜ ತೆಗೆದು, ಸಿಪ್ಪೆಯನ್ನು ಒಲೆಯ ಮೇಲಿನ ಬಿದಿರು ತಟ್ಟಿಯಲ್ಲಿ ಹರವಿ ರಾತ್ರಿ ಹಗಲು ಬೆಂಕಿ ಹಾಕಬೇಕು. ಅದು ಕಪ್ಪಾಗಿ, ತೊಗಲಿನಂತೆ ಬಾಗುವ ಹದಕ್ಕೆ ಬರುವಷ್ಟರಲ್ಲಿ ಸುಟ್ಟ ಕಟ್ಟಿಗೆಯ ರಾಶಿಯನ್ನು ಒಮ್ಮೆ ಕಣ್ಣಾರೆ ಕಂಡವರಿಗೆ, ಸುಧಾರಿತ ಒಲೆ ಮತ್ತು ಡ್ರೈಯರ್‌ಗಳಿಗೆ ಸಹಾಯಧನ ಏಕೆ ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಮಾತ್ರೆಯ ಮಾರುಕಟ್ಟೆಯೊಂದನ್ನೇ ನಂಬಿ ಇದನ್ನು ನೆಡಬೇಕಾಗಿಲ್ಲ. ಕೇರಳದ ಮೀನಿನ ಸಾರಿಗೆ ಈ ಒಣಸಿಪ್ಪೆಯೇ ಹುಳಿ, ಕೊಡಗಿನ ಕಾಚಂಪುಳಿ ಇದರ ರಸವನ್ನು ಕುದಿಸಿ ಇಳಿಸಿದ್ದು. ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪವನ್ನು ಮಲೆನಾಡಿನ ಮನೆಗಳಲ್ಲಿ ಹಿಂದಿನಿಂದಲೂ ಅಡುಗೆಗೆ ಬಳಸುತ್ತಾ ಬಂದಿದ್ದಾರೆ.

ಆದ್ದರಿಂದ ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳು ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಮರಗಳನ್ನು ಗುರುತಿಸಿ, ಅವುಗಳ ಕಸಿ ಗಿಡಗಳನ್ನೇ ರೈತರಿಗೆ ಕೊಡಲಿ. ಅಷ್ಟು ಕಸಿ ಸಿದ್ಧವಾಗುವವರೆಗೆ, ಹಂಚುವ ಪ್ರತಿ ಚೀಲದ ಮೇಲೆ ಅದು ಬೀಜದ ಸಸಿಯೋ ಕಸಿಯೋ ಎಂದಾದರೂ ಬರೆದಿರಲಿ.

— ಒಬ್ಬ ಕೃಷಿಕ